ನಮ್ಮ ಭಾವ ಸ್ಪ್ಯಾನಿಷ್ ಕಲಿತದ್ದು

ಹೋದ ಭಾನುವಾರ ಬೆಳಿಗ್ಗೆ ಮಂಡ್ಯದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಕಟಿಂಗ್ ಶಾಪಿನ ಗಾಜಿನ ಬಾಗಿಲು ತೆರೆಯಿತು. ಒಳಗಿನಿಂದ ಶೇವಿಂಗ್ ಸೋಪಿನ ವಾಸನೆ ಒಂದು ಉಸಿರಿನಷ್ಟು ಹೊರಗೆ ಬಂತು. ನಿಮಗೂ ಗೊತ್ತಿರುತ್ತದೆ ಆ ವಾಸನೆ: ಸ್ವಲ್ಪ ನಿಂಬೆ, ಸ್ವಲ್ಪ ಪುದೀನ, ಸ್ವಲ್ಪ ಒದ್ದೆ ಟವೆಲ್ಲು. ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ‘ಮೆ ಅಫೇಯ್ತೊ’ ಎಂದು ಬಂತು. ಎದುರಿಗೆ ಕೂತಿದ್ದ ಹೂವಿನವಳು, ‘ಎಷ್ಟ್ ಮೊಳ ಕಣಮ್ಮ?’ ಎಂದಳು. ನಾನು ಹೂ ಕೊಂಡು ಮುಂದೆ ನಡೆದೆ.

ಮೆ ಅಫೇಯ್ತೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ‘ನಾನು ಗಡ್ಡ ಬೋಳಿಸಿಕೊಳ್ಳುತ್ತೇನೆ’ ಎಂದರ್ಥ. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ, ಐವತ್ತು ದಾಟಿದ ಹೆಂಗಸೊಬ್ಬಳು ಬೀದಿಯಲ್ಲಿ ನಿಂತು ಇಂಥ ಮಾತನ್ನು ಯಾಕೆ ಆಡುತ್ತಾಳೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ಭಾವನಿಂದ ಶುರು ಮಾಡಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಸಿದ್ದೇಗೌಡ, ಊರು ಮದ್ದೂರು ಕಡೆಯ ಚಿಕ್ಕರಸಿನಕೆರೆ. ಕಬ್ಬು, ಭತ್ತ, ಹಿತ್ತಿಲಲ್ಲಿ ಒಂದಷ್ಟು ತೆಂಗು. ಅವರ ಒಂದೇ ತೊಂದರೆ ಏನೆಂದರೆ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಶಿಳ್ಳೆ ಹೊಡೆಯಲು ಬರುವುದಿಲ್ಲ, ಹಾಗೆ. ಊರಿನ ಪಂಚಾಯ್ತಿಯಲ್ಲಿ ಸಾಕ್ಷಿ ಬೇಕಾದಾಗ ಎರಡು ಕಡೆಯವರೂ ಒಮ್ಮತದಿಂದ ಅವರನ್ನು ಬಿಟ್ಟು ಬೇರೆ ಯಾರನ್ನಾದರೂ ಕರೆಯುತ್ತಿದ್ದರು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಭಾವ ನಮ್ಮ ಮನೆಯಲ್ಲಿದ್ದರು. ಹುಡುಗನ ತಂದೆ ಸುಮ್ಮನೆ ಮಾತಿಗೆಂಬಂತೆ, ‘ಹೆಂಗೆ ಗೌಡ್ರೆ, ನಿಮ್ಮ ನಾದಿನಿ?’ ಎಂದರು. ಭಾವ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದರು.

‘ಚೆನ್ನಾಗ್ ಓದ್ತಾಳೆ. ಅಡ್ಗೆ ಬರಾಕಿಲ್ಲ. ಕ್ವಾಪ ಜಾಸ್ತಿ. ಒಂದ್ಸಲ ಮಾತ್ ಬುಟ್ರೆ ತಿಂಗ್ಳಾನ್ಗಟ್ಲೆ ಮಾತಾಡಾಕಿಲ್ಲ.’

ಒಳಗೆ ಅಕ್ಕ ಹಣೆ ಚಚ್ಚಿಕೊಂಡಳು. ಆದರೂ ಆ ಹುಡುಗ ನನ್ನನ್ನೇ ಮದುವೆಯಾದರು. ಈಗಲೂ ನಮ್ಮಿಬ್ಬರಿಗೆ ಜಗಳವಾದರೆ ಅವರು ಪೇಪರ್ ಮಡಿಸಿಟ್ಟು, ‘ಸಿದ್ದೇಗೌಡರು ಮೊದಲೇ ಹೇಳಿದ್ದರು, ತಪ್ಪು ನನ್ನದೇ’ ಎನ್ನುತ್ತಾರೆ.

ಅಕ್ಕ ಇರುವವರೆಗೆ ಭಾವನ ದಿನವನ್ನು ಅಕ್ಕನೇ ನಡೆಸುತ್ತಿದ್ದಳು. ಅವಳು ‘ಏಳಿ’ ಎಂದರೆ ಬೆಳಗಾಗುತ್ತಿತ್ತು. ‘ನೀರು ತೋಡಿದೀನಿ’ ಎಂದರೆ ಸ್ನಾನ. ತಂತಿಯ ಮೇಲೆ ಒಗೆದ ಅಂಗಿ ಕಂಡರೆ ಎಲ್ಲಿಗೋ ಹೊರಡಬೇಕು ಎಂದು ಅವರಿಗೆ ತಿಳಿಯುತ್ತಿತ್ತು. ಎಲ್ಲಿಗೆ ಎನ್ನುವುದನ್ನು ದಾರಿಯಲ್ಲಿ ಅವಳೇ ಹೇಳುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಅಕ್ಕ ಒಂದು ಮಳೆಗಾಲ ಕಾಯಿಲೆ ಬಿದ್ದು, ಮಳೆ ನಿಲ್ಲುವ ಹೊತ್ತಿಗೆ ಹೋಗಿಬಿಟ್ಟಳು. ತಿಥಿ ಕಳೆದ ಮೇಲೆ ಭಾವ ಗದ್ದೆಯನ್ನು ವಾರಕ್ಕೆ, ಬೆಳೆಯಲ್ಲಿ ಪಾಲಿಗೆಂದು ಬೇರೆಯವರಿಗೆ ಕೊಟ್ಟು ಜಗಲಿಯ ಮೇಲೆ ಕೂತರು. ಗಡ್ಡ ಬೆಳೆಯಿತು. ಅದು ಬೇಜಾರಿನ ಗಡ್ಡ ಎಂದು ಜನ ಅಂದುಕೊಂಡರು. ನನಗೆ ಅನ್ನಿಸಿದ್ದೇ ಬೇರೆ. ಬೋಳಿಸಿಕೊಳ್ಳಿ ಎಂದು ಹೇಳುವವರಿರಲಿಲ್ಲ, ಆದ್ದರಿಂದ ಬೆಳೆಯಿತು, ಅಷ್ಟೆ.

‘ಗಡ್ಡ ತೆಗೆಸಿ ಭಾವ’ ಎಂದು ನಾನೂ ಒಮ್ಮೆ ಹೇಳಿ ನೋಡಿದೆ.

‘ಯಾತಕ್ಕಮ್ಮಿ?’ ಎಂದರು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು.

ಪ್ರತಿ ಭಾನುವಾರ ನಾನು ಕ್ಯಾರಿಯರಿನಲ್ಲಿ ಉಪ್ಸಾರೋ ಬಸ್ಸಾರೋ ತುಂಬಿಕೊಂಡು ಮಂಡ್ಯದಿಂದ ಬಸ್ಸು ಹತ್ತಿ ಹೋಗಿ ಕೊಟ್ಟುಬರುತ್ತಿದ್ದೆ. ಅಷ್ಟು ಹೊತ್ತಿಗೆ ನಾನು ಅಡಿಗೆ ಕಲಿತಿದ್ದೆ ಎಂಬುದು ನನ್ನ ಭಾವನೆ. ‘ಹೆಂಗಿದೆ ಭಾವ?’ ಎಂದು ಕೇಳಿದರೆ, ‘ಉಪ್ಪು ಜಾಸ್ತಿ’ ಎನ್ನುತ್ತಿದ್ದರು. ಪೂರ್ತಿ ತಿನ್ನುತ್ತಿದ್ದರು.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿ ಕಾವ್ಯ ಕಾಲೇಜಿಗೆ ಬಂದಳು. ಯಲಿಯೂರಿನ ಹುಡುಗಿ. ಮೈಸೂರಿನಲ್ಲಿ ಓದುವಾಗ ಅದು ಹೇಗೋ ಸ್ಪ್ಯಾನಿಷ್ ಹಿಡಿಸಿ, ಅದರಲ್ಲೇ ಪರೀಕ್ಷೆ ಪಾಸು ಮಾಡಿಕೊಂಡಿದ್ದಳು. ಮಂಡ್ಯದಲ್ಲಿ ಒಂದು ಟ್ಯುಟೋರಿಯಲ್ಲಿನ ಮಹಡಿಯ ಮೇಲೆ ಭಾನುವಾರದ ಕ್ಲಾಸು ಶುರು ಮಾಡಿದ್ದಳು. ಹೊರದೇಶಕ್ಕೆ ಹೋಗುವ ಆಸೆಯಿಂದ ಇಬ್ಬರು ನರ್ಸಿಂಗ್ ಹುಡುಗಿಯರು ಸೇರಿದ್ದರು, ಮಳವಳ್ಳಿಯಿಂದ ಒಬ್ಬರು ಮೇಡಂ ಬರುತ್ತಿದ್ದರು. ‘ಇನ್ನೂ ಇಬ್ಬರು ಸೇರದಿದ್ದರೆ ಕ್ಲಾಸ್ ಮುಚ್ಚಿಬಿಡ್ತಾರೆ ಮಿಸ್’ ಎಂದು ಕಣ್ಣು ತುಂಬಿಕೊಂಡಳು. ಹಳೆಯ ವಿದ್ಯಾರ್ಥಿಗಳು ಕಣ್ಣು ತುಂಬಿಕೊಂಡರೆ ನಾನು ಏನು ಬೇಕಾದರೂ ಒಪ್ಪಿಬಿಡುತ್ತೇನೆ. ಒಪ್ಪಿದ ಮೇಲೆ ಹೊಳೆಯಿತು, ಭಾನುವಾರ ನಾನು ಚಿಕ್ಕರಸಿನಕೆರೆಗೆ ಹೋಗುವುದು ಹೇಗೆ ಎಂದು. ಭಾವನಿಗೆ ಫೋನ್ ಮಾಡಿದೆ.

‘ಇನ್ಮೇಲೆ ನೀವೇ ಮಂಡ್ಯಕ್ಕೆ ಬನ್ನಿ. ಕ್ಲಾಸ್ ಮುಗಿಸ್ಕೊಂಡು ನಮ್ಮ ಮನೇಲೇ ಊಟ.’

‘ಯಾವ್ ಕ್ಲಾಸು?’

‘ಸ್ಪ್ಯಾನಿಷ್.’

‘ಸಾರು ಯಾವ್ದು?’

‘ಹುರುಳಿ ಬಸ್ಸಾರು.’

‘ಬತ್ತೀನಿ’ ಎಂದರು.

ಹೀಗೆ ನಮ್ಮ ಭಾವ ಹುರುಳಿ ಬಸ್ಸಾರಿನ ಮೂಲಕ ಸ್ಪ್ಯಾನಿಷ್ ಭಾಷೆಯನ್ನು ಪ್ರವೇಶಿಸಿದರು. ಮೊದಲ ದಿನ ಎದೆಯವರೆಗಿನ ಗಡ್ಡ, ಗುಂಡಿ ತಪ್ಪಿ ಹಾಕಿದ ಅಂಗಿ, ಹೆಗಲ ಮೇಲೆ ಟವೆಲ್ಲು. ನರ್ಸಿಂಗ್ ಹುಡುಗಿಯರು ಅವರನ್ನು ಯಾರೋ ಸ್ವಾಮಿಗಳೆಂದುಕೊಂಡು ಎದ್ದು ನಿಂತರು. ಕಾವ್ಯಳನ್ನು ‘ಪ್ರೊಫೆಸೋರಾ’ ಎಂದು ಕರೆಯಬೇಕೆಂದು ನಿಯಮವಿತ್ತು. ಭಾವ ಮೊದಲ ದಿನದಿಂದಲೇ ‘ಪ್ರಪೇಸ್ರಮ್ಮ’ ಎಂದರು, ಕೊನೆಯವರೆಗೂ ಹಾಗೆಯೇ ಎಂದರು.

ಮಳವಳ್ಳಿಯ ಮೇಡಂ ಹೆಸರು ಸುಶೀಲಾ. ಅಲ್ಲಿನ ಅಂಚೆ ಕಚೇರಿಯಲ್ಲಿ ಕೆಲಸ. ಪೌರೋಹಿತ್ಯದ ಮನೆತನ. ತಂದೆಯನ್ನು ನೋಡಿಕೊಳ್ಳುತ್ತ ಮದುವೆ ಎಂಬುದು ಹಿಂದೆ ಬಿದ್ದು, ತಂದೆ ತೀರಿಕೊಳ್ಳುವ ಹೊತ್ತಿಗೆ ಕೇಳುವವರೂ ಇರಲಿಲ್ಲ. ‘ಯಾಕೆ ಸ್ಪ್ಯಾನಿಷ್?’ ಎಂದು ನಾನು ಕೇಳಿದ್ದಕ್ಕೆ ಕನ್ನಡಕ ಸರಿಮಾಡಿಕೊಂಡು, ‘ಮಳವಳ್ಳಿಯಲ್ಲಿ ಯಾರೂ ತಿದ್ದೋದಕ್ಕೆ ಆಗದೇ ಇರೋದು ಏನಾದ್ರೂ ಒಂದು ಮಾಡ್ಬೇಕು ಅನ್ನಿಸ್ತು’ ಎಂದಿದ್ದರು.

ಎಣಿಕೆ, ಬಣ್ಣ, ಹಣ್ಣುಗಳ ಹೆಸರುಗಳು ಮುಗಿದು ‘ವಾರಾಂತ್ಯದಲ್ಲಿ ನಾನು’ ಎಂಬ ಪಾಠ ಬಂತು. ಅದರ ಜೊತೆಗೆ ಒಂದು ಬಗೆಯ ಕ್ರಿಯಾಪದವೂ ಬಂತು. ಸ್ಪ್ಯಾನಿಷಿನವರು ಬರೀ ಏಳುವುದಿಲ್ಲ, ತಮ್ಮನ್ನು ತಾವು ಎಬ್ಬಿಸಿಕೊಳ್ಳುತ್ತಾರೆ: ಮೆ ಲೆವಾಂತೊ. ತಮ್ಮನ್ನು ತಾವು ಮೀಯಿಸಿಕೊಳ್ಳುತ್ತಾರೆ: ಮೆ ಬಾನ್ಯೊ. ತಲೆ ಬಾಚಿಕೊಂಡರೆ ಮೆ ಪೇಯ್ನೊ. ‘ಮಾಡೋರೂ ನಾವೇ, ಮಾಡಿಸ್ಕೊಳ್ಳೋರೂ ನಾವೇ. ಈ ಪುಟ್ಟ “ಮೆ” ಬಿಟ್ಟರೆ ಬೇರೆ ಯಾರಿಗೋ ಮಾಡಿದ ಹಾಗಾಗುತ್ತೆ’ ಎಂದು ಕಾವ್ಯ ಬೋರ್ಡಿನ ಮೇಲೆ ಬಾಣಗಳನ್ನು ಬರೆದು ಬಹಳ ಕಷ್ಟಪಟ್ಟು ವಿವರಿಸಿದಳು.

‘ಅಷ್ಟೇಯಾ?’ ಎಂದರು ಭಾವ. ‘ಮೈ ತೊಳಿ ಅಂದ್ರೆ ಎಮ್ಮೆ ಮೈ. ಮೈ ತೊಳ್ಕೊ ಅಂದ್ರೆ ನಿನ್ ಮೈ. ಅಲ್ವಾ ಪ್ರಪೇಸ್ರಮ್ಮ?’

ಕಾವ್ಯ ಬಾಣಗಳನ್ನು ಒರೆಸಿದಳು. ಕನ್ನಡದ ‘ಕೊಳ್ಳು’ ಬಗ್ಗೆ ನಾನೂ ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ಎಮ್ಮೆ ಯಾವತ್ತೂ ಬಂದಿರಲಿಲ್ಲ.

ಇನ್ನು ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಭಾನುವಾರವನ್ನು ವರ್ಣಿಸಬೇಕು. ಇದರಲ್ಲೊಂದು ತೊಡಕಿತ್ತು. ಭಾನುವಾರ ನಾವು ಮಾಡುತ್ತಿದ್ದುದು ಏನೆಂದರೆ ಆ ಮಹಡಿಯ ಮೇಲೆ ಕೂತು ಭಾನುವಾರ ಏನು ಮಾಡುತ್ತೇವೆಂದು ಹೇಳುವುದು. ಆದರೆ ಪುಸ್ತಕದಲ್ಲಿ ಅದಕ್ಕೆ ಕ್ರಿಯಾಪದವಿರಲಿಲ್ಲ. ನಾನು ಪುಸ್ತಕದಲ್ಲಿದ್ದದ್ದನ್ನೇ ಒಪ್ಪಿಸಿದೆ. ಭಾನುವಾರ ನಾನು ತಡವಾಗಿ ಏಳುತ್ತೇನೆ, ನಿಧಾನವಾಗಿ ಸ್ನಾನ ಮಾಡಿಕೊಳ್ಳುತ್ತೇನೆ, ಗೆಳೆಯರೊಂದಿಗೆ ಸಂತೋಷಪಡುತ್ತೇನೆ. ನಮ್ಮ ಬಡಾವಣೆಗೆ ನಲ್ಲಿ ನೀರು ಬರುವುದು ಕೋಳಿ ಕೂಗುವ ಹೊತ್ತಿಗೆ. ತಡವಾಗಿ ಏಳುವ ಯೋಗ ನನಗೆ ಸ್ಪ್ಯಾನಿಷಿನಲ್ಲಿ ಮಾತ್ರ ಬಂದದ್ದು. ಕಾವ್ಯ ‘ಮುಯ್ ಬಿಯೆನ್’, ಬಹಳ ಚೆನ್ನಾಗಿದೆ, ಎಂದಳು.

ಭಾವನ ಸರದಿ ಬಂತು. ಎದ್ದು ನಿಂತರು.

‘ಹೇಳಿ ಸರ್. ಮೆ ಲೆವಾಂತೊ...’

‘ಅಲ್ಲ ಪ್ರಪೇಸ್ರಮ್ಮ, ನಾನು ಗಡ್ಡ ಬೋಳುಸ್ಕಳಾಕಿಲ್ವಲ್ಲ. ಬೋಳುಸ್ಕತೀನಿ ಅಂತ ಯಂಗ್ ಯೋಳ್ಳಿ?’

‘ಇದು ಅಭ್ಯಾಸಕ್ಕೆ ಸರ್. ನಿಜ ಇರ್ಬೇಕು ಅಂತೇನಿಲ್ಲ.’

‘ಸುಳ್ ಯೋಳಕ್ಕೂ ಅಭ್ಯಾಸ ಬೇಕಾಯ್ತದಾ?’

ಕಾವ್ಯ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಕೊನೆಗೆ ಅವಳೇ ದಾರಿ ಹುಡುಕಿದಳು. ಇಲ್ಲ ಎನ್ನುವುದಕ್ಕೆ ಮುಂದೊಂದು ‘ನೊ’ ಹಾಕಿದರೆ ಸಾಕು ಎಂದಳು. ಭಾವನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು ಹೇಳಿದರು: ‘ನೊ ಮೆ ಲೆವಾಂತೊ. ನೊ ಮೆ ಬಾನ್ಯೊ. ನೊ ಮೆ ಅಪೇತೊ. ನೊ ಮೆ ಪೇನೊ.’

‘ಏಳೋದೇ ಇಲ್ಲ ಅಂದ್ರೆ ಇಲ್ಲಿಗೆ ಹೇಗ್ ಬಂದ್ರಿ ಸರ್?’ ಎಂದಳು ಒಬ್ಬ ನರ್ಸಿಂಗ್ ಹುಡುಗಿ, ನಗುತ್ತಾ.

‘ಎದ್ರೂ ಎದ್ದಂಗಲ್ಲ ಕಣವ್ವ ಅದು’ ಎಂದು ಭಾವ ಕೂತರು.

ಪಕ್ಕದ ಕೋಣೆಯಲ್ಲಿ ಯಾರೋ ಟ್ಯಾಲಿ ಕಲಿಸುತ್ತಿದ್ದ ದನಿ ಕೇಳುತ್ತಿತ್ತು. ಆಗ ಸುಶೀಲಮ್ಮನ ಸರದಿ. ಪುಸ್ತಕದ ಪ್ರಕಾರ ಅವರು ‘ಭಾನುವಾರ ನಾನು ಸಂತೋಷಪಡುತ್ತೇನೆ’ ಎನ್ನಬೇಕು. ಅವರು ಎದ್ದು, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: ‘ಲೊಸ್ ದೊಮಿಂಗೊಸ್ ಮೆ ಅಬುರ್ರೊ.’

ನಮ್ಮ ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಮನೆಯಲ್ಲಿ ನಿಘಂಟು ನೋಡಿ ಹುಡುಕಿಟ್ಟುಕೊಂಡಿದ್ದರಂತೆ. ‘ಏನಂಗಂದ್ರೆ?’ ಎಂದು ಭಾವ ಕೇಳಿದರು.

‘ಭಾನುವಾರ ನನಗೆ ಬೇಜಾರಾಗುತ್ತೆ, ಅಂತ.’

ಭಾವ ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಗಡ್ಡದೊಳಗಿನಿಂದ ಬಂದ ಆ ನಗುವಿಗೆ ದಾರಿ ಸಿಗಲು ಸ್ವಲ್ಪ ಹೊತ್ತೇ ಹಿಡಿಯಿತು. ‘ಸದ್ಯ, ಒಬ್ರಾದ್ರೂ ನಿಜ ಯೋಳಿದ್ರಲ್ಲ’ ಎಂದರು. ತಡವಾಗಿ ಎದ್ದು ಸಂತೋಷಪಟ್ಟಿದ್ದ ನಾನು ಪುಸ್ತಕದ ಹಾಳೆ ತಿರುವಿದೆ.

ಅಲ್ಲಿಂದ ಮುಂದೆ ವಾರಗಳು ಹೀಗೆ ಹೋದವು. ಭಾವ ಪ್ರತಿ ಭಾನುವಾರ ತಮ್ಮ ‘ನೊ’ಗಳನ್ನು ಒಪ್ಪಿಸುವರು. ಒಂದು ದಿನ ‘ನೊ ಮೆ ಲೆವಾಂತೊ’ ಆದ ಮೇಲೆ ತಡೆದು, ‘ಮೆ ಬಾನ್ಯೊ’ ಎಂದರು. ‘ನೊ’ ಬಿಟ್ಟುಹೋಗಿದೆ ಎಂದು ತಿದ್ದಲು ನಾನು ಬಾಯಿ ತೆರೆದವಳು, ಅವರ ಕಡೆಯಿಂದ ಸೀಗೆಪುಡಿಯ ಘಮ ಬಂದು ಸುಮ್ಮನಾದೆ. ಕಾವ್ಯ ಜಾಣೆ. ಏನೂ ಆಗಿಲ್ಲವೆಂಬಂತೆ ತಲೆಯಾಡಿಸಿ ಮುಂದಿನವರನ್ನು ಕರೆದಳು. ಇನ್ನೊಂದು ಭಾನುವಾರ ಎಣ್ಣೆ ಹಚ್ಚಿ ಬೈತಲೆ ತೆಗೆದು ಬಂದು ‘ಮೆ ಪೇನೊ’ ಎಂದರು. ಅಂಗಿಯ ಗುಂಡಿಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಹೇಳಬೇಕಾದ ವಾಕ್ಯಕ್ಕಾಗಿ ಅವರು ಆ ಕೆಲಸ ಮಾಡುತ್ತಿದ್ದರೋ, ಮಾಡಿದ್ದಕ್ಕಾಗಿ ವಾಕ್ಯ ಹೇಳುತ್ತಿದ್ದರೋ, ನನಗೆ ಇವತ್ತಿಗೂ ತಿಳಿಯದು.

ಸಂಕ್ರಾಂತಿ ಕಳೆದ ಭಾನುವಾರ ಯಾರೋ ಹೊಸಬರು ಬಂದು ಭಾವನ ಬೆಂಚಿನಲ್ಲಿ ಕೂತಿದ್ದರು. ‘ಇಲ್ಲಿ ಒಬ್ರು ಕೂತ್ಕೋತಾರೆ’ ಎಂದು ಹೇಳಹೋದೆ. ಹೊಸಬರು ತಿರುಗಿದರು. ಗಲ್ಲದ ಮೇಲೆ ಬ್ಲೇಡು ತಾಗಿದ ಗಾಯ, ಅದರ ಮೇಲೆ ಪೇಪರಿನ ಚೂರು. ಶೇವಿಂಗ್ ಸೋಪಿನ ವಾಸನೆ ಬೆಂಚಿನ ಸುತ್ತ ಹಬ್ಬಿತ್ತು.

‘ಮೆ ಅಪೇತೊ’ ಎಂದರು ಭಾವ.

ಹುಡುಗಿಯರು ಚಪ್ಪಾಳೆ ತಟ್ಟಿದರು. ‘ಗಾಯ ಆಗಿದೆಯಲ್ಲ’ ಎಂದೆ. ‘ಅಭ್ಯಾಸ ತಪ್ಪೋಗಿತ್ತು ಕಣಮ್ಮಿ’ ಎಂದರು. ಸುಶೀಲಮ್ಮ ಒಮ್ಮೆ ನೋಡಿ ಪುಸ್ತಕಕ್ಕೆ ಮರಳಿದರು. ಪುಸ್ತಕ ತಲೆಕೆಳಗಾಗಿರಲಿಲ್ಲ, ಆದರೆ ಬೇರೆ ಪಾಠ ತೆರೆದಿತ್ತು.

ಈಗ ಹಿಂದಿರುಗಿ ನೋಡಿದರೆ ಎಲ್ಲವೂ ಕಾಣುತ್ತದೆ. ಭಾವ ಕ್ಲಾಸ್ ಮುಗಿದ ಮೇಲೆ ಊಟಕ್ಕೆ ಕೂರುವುದನ್ನು ಬಿಟ್ಟು, ‘ಕ್ಯಾರಿಯರ್‌ಗೆ ಆಕ್ಬುಡು, ಬಸ್ ಒಂಟೋಯ್ತದೆ’ ಎನ್ನುತ್ತಿದ್ದರು. ಮದ್ದೂರಿಗೆ ಆ ಹೊತ್ತಿನಲ್ಲಿ ಬಸ್ಸುಗಳಿಗೇನು ಬರವಿರಲಿಲ್ಲ. ಆದರೆ ಸುಶೀಲಮ್ಮ ಹತ್ತುವ ಮಳವಳ್ಳಿಯ ಬಸ್ಸು ಆ ಹೊತ್ತಿಗೆ ಒಂದೇ ಇತ್ತು. ನಾನು ಕ್ಯಾರಿಯರ್ ತುಂಬಿ ಕೊಡುತ್ತಿದ್ದೆ. ಕನ್ನಡ ಪದ್ಯಗಳಲ್ಲಿ ಸೂಚ್ಯಾರ್ಥ ಹುಡುಕಿಕೊಡುವುದು ನನ್ನ ಕಸುಬು. ಆದರೂ ಹೊಳೆಯಲಿಲ್ಲ.

ಬಿಸಿಲು ಏರಿದ ತಿಂಗಳಲ್ಲಿ ಭಾವ ಒಂದು ಭಾನುವಾರ ತಾವಾಗಿಯೇ ಎದ್ದು ನಿಂತರು. ಒಗೆದ ಬಿಳಿ ಅಂಗಿ. ‘ಪ್ರಪೇಸ್ರಮ್ಮ, ವಸಾ ಮಾತ್ ಒಂದದೆ’ ಎಂದು, ಉಸಿರು ತೆಗೆದುಕೊಂಡು ಹೇಳಿದರು: ‘ಮೆ ಕಾಸೊ.’

ಕಾವ್ಯ ನಕ್ಕಳು. ‘ಮಿ ಕಾಸಾ ಸರ್. ಕಾಸಾ ಅಂದ್ರೆ ಮನೆ. ಮನೇಲಿ ಇರ್ತೀನಿ ಅಂತ ಹೇಳ್ಬೇಕಾ?’

‘ಮನೆ ಅಲ್ಲ ಕಣವ್ವ. ಕಾಸೊ. ಸರ್ಯಾಗೇ ಯೋಳ್ತಾ ಇವ್ನಿ.’

ಕಾವ್ಯಳ ನಗು ನಿಧಾನವಾಗಿ ನಿಂತಿತು. ನಾನು ನಿಘಂಟು ತೆರೆದೆ. ಅಷ್ಟರಲ್ಲಿ ಸುಶೀಲಮ್ಮ, ಪುಸ್ತಕದಿಂದ ತಲೆ ಎತ್ತದೆಯೇ, ‘ನೊಸ್ ಕಾಸಾಮೊಸ್’ ಎಂದರು. ‘ಏಕವಚನದಲ್ಲಿ ಹೇಳಿದ್ರೆ ಒಬ್ಬರೇ ಆದ ಹಾಗಾಗುತ್ತೆ.’

ಮೆ ಕಾಸೊ ಎಂದರೆ ನಾನು ಮದುವೆಯಾಗುತ್ತೇನೆ. ನೊಸ್ ಕಾಸಾಮೊಸ್ ಎಂದರೆ ನಾವು ಮದುವೆಯಾಗುತ್ತೇವೆ. ವ್ಯಾಕರಣ ಸರಿಯಿತ್ತು.

ಆ ದಿನ ಭಾವ ಬಸ್ಸಿಗೆ ಅವಸರಪಡಲಿಲ್ಲ. ನಮ್ಮ ಮನೆಗೆ ಬಂದು ಊಟಕ್ಕೆ ಕೂತರು. ನಾನು ಬಡಿಸಿದೆ, ಮಾತಾಡಲಿಲ್ಲ. ಅವರೂ ಆಡಲಿಲ್ಲ, ಮೂವತ್ತು ವರ್ಷದ ಹಿಂದೆಯೇ ನನ್ನ ಸ್ವಭಾವ ಹೇಳಿದ್ದವರು. ನನಗೆ ಸಿಟ್ಟು ಬಂದಿತ್ತೇ ಎಂದು ಕೇಳಿದರೆ ಹೌದು, ಆದರೆ ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಸುಶೀಲಮ್ಮನ ಮೇಲೆ ಸಿಟ್ಟು ಮಾಡಲು ಕಾರಣವಿರಲಿಲ್ಲ. ಅವರನ್ನು ನಾನೇ ಇಷ್ಟಪಟ್ಟಿದ್ದೆ. ಭಾವ ಗಡ್ಡ ಬಿಟ್ಟು ಜಗಲಿಯ ಮೇಲೆ ಕೂತಿದ್ದಷ್ಟು ದಿನ ಅಕ್ಕ ಹೋದದ್ದು ಊರಿಗೆಲ್ಲ ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರು ಆ ಗಡ್ಡ ನೋಡಿ, ಪಾಪ, ಹೆಂಡತಿ ಇಲ್ಲ, ಎನ್ನುತ್ತಿದ್ದರು. ಈಗ ಗಡ್ಡ ಹೋಗಿತ್ತು. ಅವಳಿಲ್ಲ ಎಂಬುದನ್ನು ಇನ್ನು ಮೇಲೆ ನಾನೊಬ್ಬಳೇ ಹೊತ್ತುಕೊಂಡು ತಿರುಗಬೇಕೇನೋ ಅನ್ನಿಸಿತು. ಆ ಗಡ್ಡ ತೆಗೆಸಿ ಎಂದು ಹೇಳಿದವಳೂ ನಾನೇ.

ಕೈ ತೊಳೆದುಕೊಂಡು ಭಾವ ಹೇಳಿದರು. ‘ಬಂಡೂರಿಗೆ ಓಗಿ ಅವ್ವಂಗೆ ಯೋಳ್ಬೇಕು. ನೀನ್ ಯೋಳ್ಬುಡಮ್ಮಿ.’

‘ನಾನ್ಯಾಕೆ? ಮದುವೆ ಯಾರದು?’

‘ಕನ್ನಡ್ದಲ್ಲಿ ಬಾಯಿಗೇ ಬರಾಕಿಲ್ಲ ಕಣಮ್ಮಿ.’

ಅವ್ವ ಎಂದರೆ ನನ್ನ ತಾಯಿ, ಬಂಡೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಭಾವನಿಗೆ ಚಿಕ್ಕಂದಿನಲ್ಲೇ ತಾಯಿ ಇರಲಿಲ್ಲವಾದ್ದರಿಂದ ಅವರೂ ಅವಳನ್ನು ಅವ್ವ ಎಂದೇ ಕರೆಯುತ್ತಾರೆ. ಮುಂದಿನ ವಾರ ಇಬ್ಬರೂ ಹೋದೆವು. ಅವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಕೊಟ್ಟಿಗೆಯಲ್ಲಿ ತಮ್ಮನ ಕುರಿಗಳು. ಭಾವ ಎದುರಿಗೆ ಕೂತರು. ಕುರಿಗಳ ಬಗ್ಗೆ ಮಾತಾಡಿದರು, ನಾಲೆ ನೀರಿನ ಬಗ್ಗೆ ಮಾತಾಡಿದರು, ಬಿಸಿಲಿನ ಬಗ್ಗೆ ಎರಡು ಸಲ ಮಾತಾಡಿದರು. ಆಮೇಲೆ ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ‘ಅವ್ವಾ... ಮೆ ಕಾಸೊ’ ಎಂದರು.

‘ಕಾಸಾ?’ ಎಂದಳು ಅವ್ವ. ‘ಕಾಸ್ ಬೇಕಿತ್ತೇನಪ್ಪ? ಅದುಕ್ಕ್ಯಾಕ್ ಇಂಗೆ ಬೆವುರ್ತಾ ಇದೀಯೆ?’

ಭಾವ ನನ್ನ ಕಡೆ ತಿರುಗಿದರು. ಮುಳುಗುವವರ ಹಾಗೆ ನೋಡಿದರು. ಸ್ಪ್ಯಾನಿಷಿನಿಂದ ಕನ್ನಡಕ್ಕೆ ನಾನು ಮಾಡಿದ ಒಂದೇ ಒಂದು ಅನುವಾದ ಅದು.

‘ಅವ್ವ, ಭಾವ ಮದುವೆ ಮಾಡ್ಕೋತಾರಂತೆ.’

ಅವ್ವನ ಕೈ ನಿಲ್ಲಲಿಲ್ಲ. ‘ಗಡ್ಡ ಕಾಣ್ದಾಗ್ಲೇ ಅಂದ್ಕಂಡೆ’ ಎಂದಳು. ‘ಯಾರಾಕೆ?’

‘ಮಳವಳ್ಳಿಯವರು. ಪೋಸ್ಟಾಫೀಸಿನಲ್ಲಿದ್ದಾರೆ.’

‘ನಮ್ಮೋರಾ?’

‘ಅಲ್ಲ. ಪುರೋಹಿತರ ಮನೆಯವರು.’

‘ಬಾಡು ತಿಂತಳಾ?’

‘ಇಲ್ಲ.’

‘ಮಾಡಾಕಾರೂ ಬತ್ತದಾ?’

‘ಇಲ್ಲ ಅವ್ವ.’

ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. ‘ಅಂಗಾರೆ ನನ್ ಮಗಳ ಎಡೇಗೆ ಬಾಡು ಮಾಡೋರು ಯಾರು?’

ಪಿತೃಪಕ್ಷದಲ್ಲಿ ಸತ್ತವರಿಗೆ ಅವರಿಗಿಷ್ಟವಾದ ಅಡಿಗೆಯನ್ನು ಎಲೆಯ ಮೇಲೆ ಬಡಿಸಿ ಇಡುವುದೇ ನಮ್ಮಲ್ಲಿ ಎಡೆ. ಅಕ್ಕನಿಗೆ ಬಾಡು ಎಂದರೆ, ಮಾಂಸದ ಊಟವೆಂದರೆ, ಪ್ರಾಣ. ಅದನ್ನು ಇಡುವ ಮಕ್ಕಳು ಅವಳಿಗಿರಲಿಲ್ಲ.

ಭಾವನಿಗೆ ಆಗ ಕನ್ನಡ ಬಂತು. ‘ನಾನ್ ಮಾಡ್ತೀನಿ ಅವ್ವ. ನಾನ್ ಬದುಕಿರೋಗಂಟ ಮಾಡ್ತೀನಿ. ಅವ್ರಿಗೂ ಮೊದ್ಲೇ ಯೋಳಿವ್ನಿ, ಬ್ಯಾರೆ ಏನ್ ಬೇಕಾರೂ ಬುಡ್ತೀನಿ, ಇದ್ ಮಾತ್ರ ಬುಡಾಕಿಲ್ಲ ಅಂತ.’

‘ಅದ್ಕೆ ಏನಂದ್ಲು?’

‘ಇತ್ಲಲ್ಲಿ ಬ್ಯಾರೆ ಒಲೆ ಆಕಳಿ ಅಂದ್ರು.’

ಅವ್ವ ಕೊಟ್ಟಿಗೆಯ ಕಡೆ ನೋಡಿದಳು. ‘ತಲೆಮಾಂಸ ಇಕ್ಬೇಕು. ಅದೇ ಇಷ್ಟ ಅವ್ಳ್ಗೆ.’

‘ಇಕ್ತೀನಿ.’

‘ಊಂ. ಮಾಡ್ಕೊ ಓಗಪ್ಪ’ ಎಂದು ಅವ್ವ ಮತ್ತೆ ಮೊರ ಎಳೆದುಕೊಂಡಳು. ಕಡಲೆಕಾಯಿ ಮುಗಿದು ಆಗಲೇ ಎಷ್ಟೋ ಹೊತ್ತಾಗಿತ್ತು. ಸಿಪ್ಪೆಯನ್ನೇ ಮತ್ತೆ ಮತ್ತೆ ಸುಲಿಯುತ್ತಿದ್ದಳು.

ಮದುವೆ ರಿಜಿಸ್ಟರ್ ಆಯಿತು. ಸುಶೀಲಮ್ಮನ ಅಣ್ಣ ಬರಲಿಲ್ಲ. ಸಾಕ್ಷಿ ಹಾಕಿದವರು ನಾನು, ನಮ್ಮ ಮನೆಯವರು ಮತ್ತು ಕಾವ್ಯ. ನರ್ಸಿಂಗ್ ಹುಡುಗಿಯರು ಸ್ಪ್ಯಾನಿಷಿನಲ್ಲಿ ಶುಭಾಶಯದ ಹಾಡು ಹೇಳಿದರು; ಕಚೇರಿಯ ಗುಮಾಸ್ತರು ಅದನ್ನು ಪ್ರಾರ್ಥನೆ ಎಂದುಕೊಂಡು ಎದ್ದು ನಿಂತರು. ಆಮೇಲೆ ಕಾವ್ಯಳಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿ ಕ್ಲಾಸು ನಿಂತಿತು. ಭಾವ ಗದ್ದೆಯನ್ನು ವಾರದಿಂದ ಬಿಡಿಸಿಕೊಂಡರು. ಸುಶೀಲಮ್ಮ ಚಿಕ್ಕರಸಿನಕೆರೆಯಿಂದಲೇ ಮಳವಳ್ಳಿಗೆ ಬಸ್ಸಿನಲ್ಲಿ ಓಡಾಡಿಕೊಂಡಿದ್ದಾರೆ. ಮನೆಗೆ ಬಾ ಎಂದು ಇಬ್ಬರೂ ಎಷ್ಟೋ ಸಲ ಕರೆದರು. ಪರೀಕ್ಷೆ, ಮೌಲ್ಯಮಾಪನ, ಮಳೆ ಎಂದು ನಾನು ಹೇಳುತ್ತಲೇ ಬಂದೆ.

ಹೋದ ಭಾನುವಾರ ಹೋಗದೆ ವಿಧಿಯಿರಲಿಲ್ಲ. ಅಕ್ಕನ ಎಡೆ.

ನಾನು ಹೋಗುವ ಹೊತ್ತಿಗೆ ಅವ್ವ ಬಂದಾಗಿತ್ತು. ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಭಾವ ಕಣ್ಣುರಿಸಿಕೊಂಡು ಕೂತಿದ್ದರು. ಬಂಡೂರಿನಿಂದ ತಮ್ಮ ಕಳಿಸಿದ ಮಾಂಸ, ಮಸಾಲೆ ಭಾವನದೇ. ಎಡೆ ಇಟ್ಟದ್ದು ಒಳಕೋಣೆಯಲ್ಲಿ. ಅಕ್ಕ ಕೊನೆಯ ದಿನಗಳನ್ನು ಕಳೆದ ಕೋಣೆ ಅದು. ಅವಳನ್ನು ಅಲ್ಲಿಂದ ಎತ್ತಿದ ಮೇಲೆ ನಾನು ಒಳಗೆ ಕಾಲಿಟ್ಟವಳಲ್ಲ. ಸಾರು ಕೊಡಲು ಬರುತ್ತಿದ್ದಾಗಲೂ ಜಗಲಿಯಿಂದಲೇ ಹಿಂದಿರುಗುತ್ತಿದ್ದೆ. ಈಗಲೂ ಹೊಸ್ತಿಲ ಹೊರಗೆ ನಿಂತೆ. ಒಳಗೆ ಬಾಳೆ ಎಲೆ, ಅಕ್ಕನ ಫೋಟೋ, ಅದರ ಮುಂದೆ ಹೊಸ ಸೀರೆ. ಸುಶೀಲಮ್ಮ ವಡೆ, ಪಾಯಸ, ಅನ್ನ ಎಲ್ಲ ಬಡಿಸಿಯಾಗಿತ್ತು. ಭಾವ ಒಗ್ಗರಣೆ ಮುಗಿಸಿ, ತಲೆಗೆ ನೀರು ಹಾಕಿಕೊಂಡು ಬರುತ್ತೇನೆಂದು ಬಚ್ಚಲಿಗೆ ಹೋದವರು ಬರಲಿಲ್ಲ.

‘ಒತ್ತಾಯ್ತು’ ಎಂದಳು ಅವ್ವ. ‘ಬಾಡು ತರೋರು ಯಾರು?’

ಸುಶೀಲಮ್ಮ ನನ್ನನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ಹೋದರು. ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಗೋಡೆಗೆ ತಾಗುತ್ತಾ ತಾಗುತ್ತಾ ತಂದರು. ಎಲೆಯ ಮುಂದೆ ಕೂತು ಸೌಟು ಹಿಡಿದು, ‘ಬನ್ನಿ ಇಲ್ಲಿ’ ಎಂದು ನನ್ನನ್ನು ಕರೆದರು. ‘ಇದರಲ್ಲಿ ತಲೆಮಾಂಸ ಯಾವುದು? ನನಗೆ ಗೊತ್ತಾಗಲ್ಲ.’

ಹೊಸ್ತಿಲ ಹೊರಗಿನಿಂದ ಅದನ್ನು ತೋರಿಸಲಾಗುವುದಿಲ್ಲ. ನಾನು ಒಳಗೆ ಹೋಗಿ ಅವರ ಪಕ್ಕ ಕೂತು ಬೆರಳಿನಿಂದ ತೋರಿಸಿದೆ. ಅವರು ಉಸಿರು ಬಿಗಿಹಿಡಿದು ಬಡಿಸಿದರು. ಬಾಗಿಲಲ್ಲಿ ನಿಂತಿದ್ದ ಅವ್ವ, ‘ಇನ್ನೊಂಚೂರ್ ಸಾರ್ ಬುಡವ್ವ. ಒಣಗ್ಲು ತಿನ್ನಾಕಿಲ್ಲ ಅವ್ಳು’ ಎಂದಳು. ಸುಶೀಲಮ್ಮ ಇನ್ನೊಂದು ಸೌಟು ಬಿಟ್ಟರು. ಭಾವ ಬಂದು ಕರ್ಪೂರ ಹಚ್ಚಿದರು. ಆಮೇಲೆ ಸತ್ತವರು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂತೆವು. ಸುಶೀಲಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಂಡು ಬಂದು, ಮತ್ತೊಮ್ಮೆ ಹೋಗಿ ತೊಳೆದುಕೊಂಡು ಬಂದರು.

ಊಟ ಜೋರಾಗಿಯೇ ಆಯಿತು. ಭಾವನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ನಾನು ಹೇಳಲಿಲ್ಲ. ಎಲೆ ತೆಗೆಯಲೆಂದು ಮತ್ತೆ ಒಳಕೋಣೆಗೆ ಹೋದವಳು ಅಲ್ಲಿನ ಮಂಚದ ಮೇಲೆ ಒಂದು ನಿಮಿಷ ಎಂದು ಕೂತೆ. ಕಿಟಕಿಯಿಂದ ತೆಂಗಿನ ಗರಿಯ ನೆರಳು ಬೀಳುತ್ತಿತ್ತು. ಮಂಚದ ಮೇಲೆ ಒಗೆದ ಹೊದಿಕೆ ಹಾಸಿತ್ತು. ಒರಗಿದ್ದು ನೆನಪಿದೆ.

ಎಚ್ಚರವಾದಾಗ ನೆರಳು ಗೋಡೆ ಹತ್ತಿತ್ತು. ಹೊರಗೆ ದನಿಗಳು.

‘ಎಬ್ಬಿಸ್ಲಾ? ಕಾಫಿ ಆರಿಹೋಗುತ್ತೆ’ ಎಂದರು ಸುಶೀಲಮ್ಮ.

‘ಎಬ್ಬುಸ್ರಿ, ಮಂಡ್ಯದ ಬಸ್ ಬರೋ ಒತ್ತಾಯ್ತು’ ಎಂದರು ಭಾವ.

‘ಸುಮ್ಕಿರಪ್ಪ’ ಎಂದಳು ಅವ್ವ. ‘ಈ ಮನೇಲಿ ಅವ್ಳು ನಿದ್ದೆ ಮಾಡಿ ಏಸ್ ಕಾಲಾಯ್ತೋ. ಮನಿಕ್ಕಳ್ಲಿ. ನಾಳೀಕ್ ಓಯ್ತಾಳೆ ಬುಡು.’

ಕಾಫಿಯ ಲೋಟ ಒಳಗೆ ವಾಪಸ್ ಹೋದ ಸದ್ದು ಕೇಳಿಸಿತು. ಸೋಮವಾರ ಮೊದಲ ಪೀರಿಯಡ್ಡು ನನ್ನದೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದೆ.